ಕೊನೆಯ ಫೋನಿಗೂ ತಲುಪಬೇಕಾದ ಚಿತ್ರ

ಯಾದಗಿರಿ ತಾಲ್ಲೂಕಿನ ಬಳಿಚಕ್ರದಂಥ ಊರಿಗೆ ಅನಿಮೇಷನ್ ಈಗ ದೂರದ ಮಾತಲ್ಲ. ಚಂದ್ರ ಬೆಳೆಯುವುದನ್ನೂ ಕರಗುವುದನ್ನೂ ತೋರಿಸಲು ವಿಜ್ಞಾನದ ಶಿಕ್ಷಕರು ಇಪ್ಪತ್ತು ಸೆಕೆಂಡಿನ ಚಲಿಸುವ ಚಿತ್ರ ಮಾಡುತ್ತಾರೆ. ನಿಂತ ನೀರಿನಲ್ಲಿ ಸೊಳ್ಳೆ ಹೇಗೆ ಹುಟ್ಟುತ್ತದೆ ಎಂಬ ಚಿತ್ರ ಆಶಾ ಕಾರ್ಯಕರ್ತೆಯರ ಫೋನಿನಿಂದ ಓಣಿಯ ತಾಯಂದಿರಿಗೆ ಹೋಗುತ್ತದೆ. ಜಾತ್ರೆಯ ಕರೆ, ಮದುವೆ ಕಾರ್ಡು, ಹುಟ್ಟುಹಬ್ಬದ ಹಾರೈಕೆ ಎಲ್ಲವೂ ಫೋಟೊ ಸ್ಟುಡಿಯೊದ ಹುಡುಗರ ಕೈಯಲ್ಲಿ ಹೂವು ಉದುರಿಸುತ್ತ, ದೀಪ ಮಿನುಗಿಸುತ್ತ ವಾಟ್ಸಾಪ್ ಸ್ಟೇಟಸ್ ಆಗುತ್ತವೆ. ಇವುಗಳನ್ನು ಮಾಡಬಲ್ಲ ಕೈಗಳು ನಮ್ಮಲ್ಲಿ ಹೆಚ್ಚುತ್ತಿವೆ. ಕೆಲಸ ಮುಗಿಸಿ ಕಡತ ಹೊರತೆಗೆಯುವ ಹೊತ್ತಿಗೆ ಪರದೆಯ ಮೇಲೆ ಒಂದು ಪಟ್ಟಿ ಬರುತ್ತದೆ: ಜಿಫ್, ಎಂಪಿ4, ವೆಬ್‌ಎಂ, ವೆಬ್‌ಪಿ. ಅವಸರದಲ್ಲಿ ಯಾವುದೋ ಒಂದನ್ನು ಒತ್ತಿಬಿಡುತ್ತೇವೆ. ಆ ಚಿತ್ರ ಯಾರ ಫೋನಿನಲ್ಲಿ ತೆರೆಯುತ್ತದೆ, ಯಾರ ಫೋನಿನಲ್ಲಿ ತೆರೆಯುವುದಿಲ್ಲ ಎಂಬುದು ಅಲ್ಲಿಗೆ ನಿಶ್ಚಯವಾಗಿಬಿಡುತ್ತದೆ.

ನಾನು ಹೇಳಬೇಕಾದ್ದನ್ನು ಮೊದಲೇ ಹೇಳುತ್ತೇನೆ. ಫಾರ್ಮ್ಯಾಟ್ ಆರಿಸುವಾಗ ನಮ್ಮ ಕಂಪ್ಯೂಟರನ್ನು ನೋಡಬಾರದು, ನಾವು ಕಳಿಸುವ ಗುಂಪಿನಲ್ಲಿ ಎಲ್ಲಕ್ಕಿಂತ ಕಡಿಮೆ ಶಕ್ತಿಯ ಫೋನು ಯಾರ ಕೈಯಲ್ಲಿದೆಯೋ ಅವರನ್ನು ನೋಡಬೇಕು. 2011ರ ಜನಗಣತಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 51.83. ರಾಜ್ಯದ ಎಲ್ಲ ಜಿಲ್ಲೆಗಳಲ್ಲಿ ಅದೇ ಕಡಿಮೆ. ಓದಲು ಬಾರದ ತಂದೆ ತಾಯಿಗೆ, ಅಜ್ಜ ಅಜ್ಜಿಗೆ ಒಂದು ವಿಷಯ ತಿಳಿಸಲು ಚಲಿಸುವ ಚಿತ್ರದಷ್ಟು ಒಳ್ಳೆಯ ದಾರಿ ಮತ್ತೊಂದಿಲ್ಲ. ಅಂಥವರ ಮನೆಗೇ ಆ ಚಿತ್ರ ಮುಟ್ಟದಿದ್ದರೆ ನಮ್ಮ ಶ್ರಮಕ್ಕೆ ಅರ್ಥವಿಲ್ಲ. “ಸರ್, ಬರೇ ತಿರಗಲಕತ್ತದ್ರಿ, ಓಪನ್ ಆಗವಲ್ದು” ಎಂದು ಮಗು ಹೇಳಿದಾಗ ನಾವು ನೆಟ್‌ವರ್ಕನ್ನು ದೂರುತ್ತೇವೆ. ಎಷ್ಟೋ ಸಲ ತೊಡಕು ಇರುವುದು ನಾವು ಕಳಿಸಿದ ಕಡತದಲ್ಲಿಯೇ.

ನೀವು ಪರದೆ ನೋಡದೆ ಕೇಳುತ್ತಿದ್ದೀರಿ, ಹಾಗಾಗಿ ಲೆಕ್ಕವನ್ನು ನಿಧಾನವಾಗಿ ಬಿಡಿಸುತ್ತೇನೆ. ಅನಿಮೇಷನ್ ಎಂದರೆ ಒಂದರ ಹಿಂದೆ ಒಂದು ಬೇಗಬೇಗನೆ ಬರುವ ನಿಂತ ಚಿತ್ರಗಳು. ಅಡ್ಡಕ್ಕೆ 640, ಉದ್ದಕ್ಕೆ 480 ಚುಕ್ಕೆಗಳ ಒಂದು ಚಿತ್ರ ಎಂದುಕೊಳ್ಳಿ. ಒಟ್ಟು ಚುಕ್ಕೆ 3,07,200. ಒಂದೊಂದು ಚುಕ್ಕೆಯ ಬಣ್ಣ ಬರೆದಿಡಲು 3 ಬೈಟ್ ಬೇಕು. ಒಂದು ಚಿತ್ರಕ್ಕೆ 9 ಲಕ್ಷ ಬೈಟ್ ದಾಟಿತು, ಹತ್ತಿರ ಹತ್ತಿರ ಒಂದು ಎಂಬಿ. ಸೆಕೆಂಡಿಗೆ 10 ಚಿತ್ರದಂತೆ 20 ಸೆಕೆಂಡಿಗೆ 200 ಚಿತ್ರ. ಎಲ್ಲ ಸೇರಿ ಸುಮಾರು 184 ಎಂಬಿ. ಇಷ್ಟನ್ನು ಯಾರೂ ಕಳಿಸಲಾರರು, ಯಾರೂ ಇಳಿಸಿಕೊಳ್ಳಲಾರರು. ಕಣ್ಣಿಗೆ ಗೊತ್ತಾಗದಂತೆ ಇದನ್ನು ಕುಗ್ಗಿಸುವ ಬೇರೆ ಬೇರೆ ಉಪಾಯಗಳೇ ಬೇರೆ ಬೇರೆ ಫಾರ್ಮ್ಯಾಟ್‌ಗಳು. ಒಂದೊಂದು ಉಪಾಯ ಒಂದೊಂದು ಬಗೆಯ ಚಿತ್ರಕ್ಕೆ ಹೊಂದುತ್ತದೆ.

ಎಲ್ಲರಿಗೂ ಗೊತ್ತಿರುವ ಜಿಫ್‌ನಿಂದ ಶುರುಮಾಡೋಣ. 1987ರಲ್ಲಿ ಅಮೆರಿಕದ ಕಾಂಪ್ಯುಸರ್ವ್ ಕಂಪನಿಯಲ್ಲಿ ಸ್ಟೀವ್ ವಿಲ್ಹೈಟ್ ಅವರ ಮುಂದಾಳತ್ವದಲ್ಲಿ ಅದು ಹುಟ್ಟಿತು. ಟೆಲಿಫೋನ್ ತಂತಿಯ ಮೇಲೆ ಬಣ್ಣದ ಚಿತ್ರವನ್ನು ಕಳಿಸುವುದು ಆಗಿನ ಅಗತ್ಯ. 1989ರ ತಿದ್ದುಪಡಿಯಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಎಷ್ಟು ಹೊತ್ತು ತಡೆಯಬೇಕು ಎಂದು ಬರೆದಿಡುವ ಏರ್ಪಾಡು ಸೇರಿತು. 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರ್ ಅದನ್ನು ನಿಲ್ಲದೆ ಮರುಕಳಿಸುವಂತೆ ಮಾಡಿತು. ಇಂದಿಗೂ ಜಿಫ್ ತೆರೆಯದ ಕಂಪ್ಯೂಟರ್ ಸಿಗುವುದು ಕಷ್ಟ. ಪ್ಲೇಯರ್ ಬೇಡ, ಗುಂಡಿ ಒತ್ತುವುದು ಬೇಡ, ಪಾಠದ ಸ್ಲೈಡಿನಲ್ಲಿ ಇಟ್ಟರೆ ತಾನಾಗಿ ಓಡುತ್ತದೆ. ಇದು ಅದರ ದೊಡ್ಡ ಗುಣ.

ಅದರ ಮಿತಿಗಳೂ ಅಷ್ಟೇ ದೊಡ್ಡವು. ಜಿಫ್‌ನ ಒಂದು ಚಿತ್ರದಲ್ಲಿ ಇರಬಹುದಾದ ಬಣ್ಣ 256 ಮಾತ್ರ. ಒಂದೇ ಬಣ್ಣ ಸಾಲಾಗಿ ಬಂದರೆ ಅದು ಚೆನ್ನಾಗಿ ಕುಗ್ಗುತ್ತದೆ. ಅರ್ಧ, ಕಾಲು, ಮುಕ್ಕಾಲು ತೋರಿಸುವ ವೃತ್ತ, ಬಿಳಿ ಹಲಗೆಯ ಮೇಲೆ ಎಳೆಯುವ ರೇಖಾಗಣಿತದ ಗೆರೆ, ಬಾಣದ ಗುರುತಿನಲ್ಲಿ ಸಾಗುವ ವಿದ್ಯುತ್ ಮಂಡಲ ಇಂಥವಕ್ಕೆ ಜಿಫ್ ಚೆನ್ನ. ಈಗ ಸುರಪುರದ ಚಿಕಣಿ ಚಿತ್ರಗಳನ್ನು ನೆನೆಯಿರಿ. ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಆ ಕಲೆಯಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಗಳಿವೆ, ಚಿನ್ನದ ಮಿನುಗಿದೆ, ಒಂದು ಬಣ್ಣ ಇನ್ನೊಂದರೊಳಗೆ ಮೆಲ್ಲಗೆ ಕರಗುತ್ತದೆ. ಅಂಥ ಒಂದು ಚಿತ್ರದ ಮೇಲೆ ಕ್ಯಾಮೆರಾ ನಿಧಾನವಾಗಿ ಸಾಗುವಂತೆ ಮಾಡಿ ಜಿಫ್ ಆಗಿ ಉಳಿಸಿದರೆ ಚಿನ್ನ ಪಟ್ಟೆಪಟ್ಟೆಯಾಗುತ್ತದೆ, ಬಣ್ಣದ ಜಾಗದಲ್ಲಿ ಮರಳು ಚೆಲ್ಲಿದ ಹಾಗೆ ಚುಕ್ಕೆ ಏಳುತ್ತವೆ. ಕಡತವೂ ಹಲವು ಎಂಬಿಗೆ ಉಬ್ಬುತ್ತದೆ, ಏಕೆಂದರೆ ವಸ್ತುವೊಂದು ಇಲ್ಲಿಂದ ಅಲ್ಲಿಗೆ ಸರಿಯಿತು ಎಂಬುದು ಜಿಫ್‌ಗೆ ತಿಳಿಯುವುದಿಲ್ಲ. ಬದಲಾದ ಭಾಗವನ್ನೆಲ್ಲ ಅದು ಪ್ರತಿ ಸಲವೂ ಹೊಸದಾಗಿ ಬರೆದಿಡುತ್ತದೆ. ಇನ್ನು ಜಿಫ್‌ಗೆ ದನಿಯಿಲ್ಲ. ನೋಡುವವರು ನಡುವೆ ನಿಲ್ಲಿಸಿ ನೋಡುವ ಅನುಕೂಲವೂ ಸಾಮಾನ್ಯವಾಗಿ ಇರುವುದಿಲ್ಲ.

ಈ ಎರಡು ಕೊರತೆಗಳು ನಮ್ಮ ಜಿಲ್ಲೆಯ ಮಟ್ಟಿಗೆ ಬಣ್ಣದ ಕೊರತೆಗಿಂತ ದೊಡ್ಡವು. ಅಕ್ಷರ ಬಾರದವರಿಗೆ ಚಿತ್ರದ ಕೆಳಗೆ ಬರೆದ ಸಾಲು ಇದ್ದೂ ಇಲ್ಲದ ಹಾಗೆ. ಅವರಿಗೆ ಬೇಕಾದದ್ದು ನಮ್ಮೂರ ಕನ್ನಡದಲ್ಲಿ ಬಿಡಿಸಿ ಹೇಳುವ ದನಿ. ಕಲಿಯುವ ಮಗುವಿಗೆ ಬೇಕಾದದ್ದು ತಿಳಿಯದ ಕಡೆ ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ನೋಡುವ ಸ್ವಾತಂತ್ರ್ಯ. ಎರಡನ್ನೂ ಎಂಪಿ4 ಕೊಡುತ್ತದೆ.

ಎಂಪಿ4 ಎನ್ನುವುದು ಚಿತ್ರ ಮತ್ತು ದನಿ ಎರಡನ್ನೂ ಹಿಡಿದಿಡುವ ಹೊರಕವಚ. ಒಳಗೆ ಚಿತ್ರವನ್ನು ಕುಗ್ಗಿಸುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. 2003ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಗಳು ಜಂಟಿಯಾಗಿ ಹೊರತಂದ ಎಚ್.264 ಎಂಬ ಕೋಡೆಕ್ ಇವತ್ತಿಗೂ ಎಲ್ಲೆಡೆ ನಡೆಯುವ ನಾಣ್ಯ. ಅದು ಆಗಾಗ ಒಂದು ಪೂರ್ತಿ ಚಿತ್ರವನ್ನು ಇಡುತ್ತದೆ. ನಡುವಿನ ಚಿತ್ರಗಳಿಗೆ ‘ಈ ಭಾಗ ಇಷ್ಟು ಬಲಕ್ಕೆ ಸರಿಯಿತು, ಈ ಭಾಗ ಹಾಗೇ ಇದೆ’ ಎಂಬ ಸೂಚನೆಯನ್ನಷ್ಟೇ ಬರೆದುಕೊಳ್ಳುತ್ತದೆ. ಹಾಗಾಗಿ ಕಡತ ಬಹಳ ಚಿಕ್ಕದಾಗುತ್ತದೆ. ವೆಬ್ ಕೆಲಸಗಾರರಿಗಾಗಿ ಗೂಗಲ್ ಪ್ರಕಟಿಸಿದ ಮಾರ್ಗದರ್ಶಿಯೊಂದರಲ್ಲಿ ಇದಕ್ಕೊಂದು ಉದಾಹರಣೆಯಿದೆ. 3.7 ಎಂಬಿಯ ಒಂದು ಜಿಫ್, ಎಂಪಿ4 ಆದಾಗ 551 ಕೆಬಿಗೆ ಇಳಿಯಿತು, ವೆಬ್‌ಎಂ ಎಂಬ ಮುಕ್ತ ವಿಡಿಯೊ ಫಾರ್ಮ್ಯಾಟ್ ಆದಾಗ 341 ಕೆಬಿಗೆ. ಇದಕ್ಕಿಂತ ಮುಖ್ಯವಾದ ಸಂಗತಿ ಎಂದರೆ ಎಚ್.264 ಬಿಡಿಸುವ ಕೆಲಸಕ್ಕೆಂದೇ ಫೋನಿನ ಚಿಪ್‌ನಲ್ಲಿ ಪ್ರತ್ಯೇಕ ಭಾಗವಿರುತ್ತದೆ. ಅಗ್ಗದ ಫೋನೂ ಬಿಸಿಯಾಗದೆ, ಬ್ಯಾಟರಿ ಹೆಚ್ಚು ತಿನ್ನದೆ ಅದನ್ನು ಓಡಿಸುತ್ತದೆ.

ಎಂಪಿ4 ಎಂದ ಮಾತ್ರಕ್ಕೆ ಎಲ್ಲವೂ ಸರಿಹೋಯಿತು ಎಂದುಕೊಳ್ಳಬೇಡಿ. ಒಳಗಿನ ಕೋಡೆಕ್ ಎಚ್.264ರ ನಂತರದ ಎಚ್.265 ಆಗಿದ್ದರೆ ಹಳೆಯ ಫೋನಿನಲ್ಲಿ ದನಿ ಕೇಳಿಸಿ ಚಿತ್ರ ಕಪ್ಪಾಗಬಹುದು. ಹೊಸ ಫೋನುಗಳಲ್ಲಿ ‘ಹೆಚ್ಚಿನ ದಕ್ಷತೆ’ ಎಂಬ ಆಯ್ಕೆ ಇದ್ದರೆ ಅದು ಸಾಮಾನ್ಯವಾಗಿ ಎಚ್.265ನ್ನೇ ಸೂಚಿಸುತ್ತದೆ. ಎಲ್ಲರಿಗೂ ಕಳಿಸುವ ಕಡತಕ್ಕೆ ಅದನ್ನು ಬಿಟ್ಟು ಎಚ್.264 ಆರಿಸಿ. ಚಿತ್ರದ ಅಗಲವೂ ಎತ್ತರವೂ ಸಮಸಂಖ್ಯೆಯಾಗಿರಲಿ, ಬೆಸಸಂಖ್ಯೆ ಬಂದರೆ ಕೆಲವು ತಂತ್ರಾಂಶಗಳು ಕಡತ ತಯಾರಿಸಲು ಒಪ್ಪುವುದಿಲ್ಲ. ಕಂಪ್ಯೂಟರಿನಲ್ಲಿ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ ಬಳಸುವವರು ‘ವೆಬ್ ಆಪ್ಟಿಮೈಸ್ಡ್’ ಎಂಬಲ್ಲಿ ಗುರುತು ಹಾಕಿ. ಆಗ ಕಡತದ ಸೂಚಿ ಕೊನೆಯಿಂದ ಮೊದಲಿಗೆ ಬರುತ್ತದೆ, ಪೂರ್ತಿ ಇಳಿಯುವ ಮುಂಚೆಯೇ ಚಿತ್ರ ಓಡಲು ಶುರುವಾಗುತ್ತದೆ.

ಎಷ್ಟು ದೊಡ್ಡದಾಗಿ ಮಾಡಬೇಕು ಎಂಬುದಕ್ಕೂ ಒಂದು ಲೆಕ್ಕವಿದೆ. 2017ರಲ್ಲಿ ಬಂದು ಹಳ್ಳಿಹಳ್ಳಿ ಸೇರಿದ ಜಿಯೊಫೋನ್ ಕೀಪ್ಯಾಡ್ ಫೋನು. ಅದರ ಪರದೆ 240 ಚುಕ್ಕೆ ಅಗಲ, 320 ಚುಕ್ಕೆ ಎತ್ತರ. ಅದಕ್ಕೆ 1080 ಚುಕ್ಕೆ ಎತ್ತರದ ವಿಡಿಯೊ ಕಳಿಸಿದರೆ ಡೇಟಾ ಖರ್ಚಾಗುತ್ತದೆಯೇ ಹೊರತು ಕಣ್ಣಿಗೆ ಏನೂ ಹೆಚ್ಚು ಸಿಗುವುದಿಲ್ಲ. ದೊಡ್ಡ ಪರದೆಯ ಫೋನಿಗೂ ಸರಳ ಪಾಠದ ಅನಿಮೇಷನ್ 480 ಚುಕ್ಕೆ ಎತ್ತರದಲ್ಲಿ ಸಾಕಷ್ಟು ಸ್ಪಷ್ಟವಾಗಿ ಕಾಣುತ್ತದೆ. ಸೆಕೆಂಡಿಗೆ 500 ಕಿಲೋಬಿಟ್ ಇಟ್ಟುಕೊಂಡರೆ 20 ಸೆಕೆಂಡಿಗೆ 10,000 ಕಿಲೋಬಿಟ್, ಅಂದರೆ 1.25 ಎಂಬಿ. ತರಗತಿಯ 40 ಮನೆಗಳಿಗೂ ಅದು ಇಳಿದರೆ ಒಟ್ಟು 50 ಎಂಬಿ. ಅದೇ ಚಿತ್ರ 10 ಎಂಬಿಯ ಜಿಫ್ ಆಗಿದ್ದರೆ 400 ಎಂಬಿ. ಈ ಡೇಟಾದ ದುಡ್ಡು ಹೋಗುವುದು ಕೂಲಿ ಮಾಡಿ ರೀಚಾರ್ಜ್ ಹಾಕಿಸುವ ತಂದೆಯ ಜೇಬಿನಿಂದ. ಕಡತ ಚಿಕ್ಕದು ಮಾಡುವುದೂ ಆ ಮನೆಗೆ ತೋರಿಸುವ ಗೌರವ ಎಂದೇ ನಾನು ತಿಳಿದಿದ್ದೇನೆ.

ವಾಟ್ಸಾಪ್ ವಿಚಾರದಲ್ಲಿ ಒಂದು ಸಂಗತಿ ತಿಳಿದಿರಲಿ. ಅಲ್ಲಿ ಜಿಫ್ ಎಂಬ ಹೆಸರಿನಲ್ಲಿ ಓಡುವುದು ಒಳಗೆ ದನಿಯಿಲ್ಲದ ಎಂಪಿ4. ನೀವು ಜಿಫ್ ಕಳಿಸಿದರೆ ಅದನ್ನು ವಾಟ್ಸಾಪ್ ಎಂಪಿ4 ಆಗಿ ಬದಲಾಯಿಸಿಕೊಳ್ಳುತ್ತದೆ. ಟ್ವಿಟರ್ ಕೂಡ 2014ರಲ್ಲಿ ಹೀಗೆಯೇ ಮಾಡತೊಡಗಿತು. ಅಂದಮೇಲೆ ಮೊದಲು 256 ಬಣ್ಣಕ್ಕೆ ಇಳಿಸಿ ಜಿಫ್ ಮಾಡುವುದು, ಆಮೇಲೆ ಅದು ಮತ್ತೊಮ್ಮೆ ಕುಗ್ಗಿ ಇನ್ನಷ್ಟು ಕೆಡುವುದು ಏಕೆ? ಮೂಲ ಕಡತದಿಂದ ನೇರವಾಗಿ ಎಂಪಿ4 ತೆಗೆದು ಕಳಿಸಿ. ಶಿಕ್ಷಕರಿಂದ ಶಿಕ್ಷಕರಿಗೆ, ಗುಣಮಟ್ಟ ಕೆಡದೆ ಹೋಗಬೇಕಾದ ಕಡತವನ್ನು ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ವಾಟ್ಸಾಪ್ ಅದನ್ನು ಮತ್ತೆ ಕುಗ್ಗಿಸುವುದಿಲ್ಲ.

ಇನ್ನುಳಿದ ಕೆಲವು ಬಗೆಗಳನ್ನು ಚುಟುಕಾಗಿ ನೋಡೋಣ. ಗೂಗಲ್ 2010ರಲ್ಲಿ ತಂದ ವೆಬ್‌ಪಿ ವಾಟ್ಸಾಪ್‌ನ ಚಲಿಸುವ ಸ್ಟಿಕ್ಕರುಗಳ ಫಾರ್ಮ್ಯಾಟ್. ಸ್ಟಿಕ್ಕರ್ ಮಾಡುವುದಾದರೆ ಅದನ್ನೇ ಬಳಸಬೇಕು, ಅಳತೆ 512ಕ್ಕೆ 512 ಚುಕ್ಕೆ. ಹಿನ್ನೆಲೆ ಪಾರದರ್ಶಕವಾಗಿರಬೇಕು, ಅಂಚು ನಯವಾಗಿರಬೇಕು ಎನ್ನುವವರಿಗೆ ಎಪಿಎನ್‌ಜಿ ಒಳ್ಳೆಯದು. 2004ರಲ್ಲಿ ಮೊಜಿಲ್ಲಾದವರು ಅದನ್ನು ಮುಂದಿಟ್ಟರು. ಗೂಗಲ್ ಕ್ರೋಮ್ ಅದನ್ನು ಒಪ್ಪಿಕೊಂಡದ್ದು 2017ರಲ್ಲಿ. ಅದರದೊಂದು ಒಳ್ಳೆಯ ಗುಣವೆಂದರೆ, ಅದನ್ನು ಅರಿಯದ ಹಳೆಯ ತಂತ್ರಾಂಶದಲ್ಲೂ ಮೊದಲ ಚಿತ್ರ ನಿಂತ ಚಿತ್ರವಾಗಿ ಕಾಣಿಸುತ್ತದೆ, ಖಾಲಿ ಚೌಕ ಬರುವುದಿಲ್ಲ. ಕನ್ನಡ ವಿಕಿಪೀಡಿಯದ ಲೇಖನಕ್ಕೆ ಅನಿಮೇಷನ್ ಕೊಡಬೇಕೆನ್ನುವವರು ಎಂಪಿ4 ಹಿಡಿದು ಹೋದರೆ, ವಿಕಿಪೀಡಿಯದ ಚಿತ್ರ, ವಿಡಿಯೊಗಳನ್ನು ಇಡುವ ವಿಕಿಮೀಡಿಯ ಕಾಮನ್ಸ್ ಅದನ್ನು ಸ್ವೀಕರಿಸುವುದಿಲ್ಲ. ಎಚ್.264ರ ಮೇಲಿನ ಪೇಟೆಂಟುಗಳು ಅದಕ್ಕೆ ಕಾರಣ. 2014ರಲ್ಲಿ ವಿಕಿಮೀಡಿಯ ಸಮುದಾಯ ಚರ್ಚಿಸಿ ಎಂಪಿ4 ಬೇಡವೆಂದಿತು. ಅಲ್ಲಿಗೆ ವೆಬ್‌ಎಂ ಒಯ್ಯಬೇಕು, ಚಿಕ್ಕ ರೇಖಾಚಿತ್ರವಾದರೆ ಜಿಫ್ ಆದೀತು.

ಪೇಟೆಂಟಿನ ಮಾತು ಬರಿಯ ವಕೀಲರ ಮಾತಲ್ಲ. ಜಿಫ್‌ನಲ್ಲಿ ಬಳಕೆಯಾದ ಕುಗ್ಗಿಸುವ ವಿಧಾನದ ಪೇಟೆಂಟ್ ಯೂನಿಸಿಸ್ ಕಂಪನಿಯ ಬಳಿಯಿತ್ತು. ಜಿಫ್ ಲೋಕವೆಲ್ಲ ಹಬ್ಬಿದ ಮೇಲೆ, 1994ರ ಕೊನೆಗೆ, ಜಿಫ್ ತಂತ್ರಾಂಶ ಮಾರುವವರು ಹಣ ಕಟ್ಟಬೇಕೆಂಬ ಸುದ್ದಿ ಹೊರಬಿತ್ತು. ಅದರ ಸಿಟ್ಟಿನಿಂದಲೇ ಪಿಎನ್‌ಜಿ ಎಂಬ ಮುಕ್ತ ಚಿತ್ರ ಫಾರ್ಮ್ಯಾಟ್ ಹುಟ್ಟಿತು. ಅಮೆರಿಕದಲ್ಲಿ ಆ ಪೇಟೆಂಟ್ ಮುಗಿದದ್ದು 2003ರಲ್ಲಿ. ಯಾರ ಹಿಡಿತವೂ ಇಲ್ಲದ ಮುಕ್ತ ಫಾರ್ಮ್ಯಾಟ್ ಏಕೆ ಬೇಕು ಎಂಬುದನ್ನು ಜಗತ್ತು ಕಲಿತದ್ದು ಹೀಗೆ.

ವೆಬ್‌ಸೈಟು, ಆ್ಯಪ್ ಮಾಡುವವರು ಲಾಟಿ ಎಂಬ ಹೆಸರು ಕೇಳಿರುತ್ತೀರಿ. ಏರ್‌ಬಿಎನ್‌ಬಿ ಕಂಪನಿ 2017ರಲ್ಲಿ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ನಮ್ಮ ತೊಗಲುಗೊಂಬೆಯಾಟದಲ್ಲಿ ಕೀಲುಳ್ಳ ಗೊಂಬೆಯ ಕೈಯನ್ನು ಕಡ್ಡಿಯಿಂದ ಆಡಿಸುತ್ತಾರೆ, ಪ್ರತಿ ಭಂಗಿಗೂ ಹೊಸ ಗೊಂಬೆ ಕತ್ತರಿಸುವುದಿಲ್ಲ. ಲಾಟಿಯೂ ಹಾಗೆಯೇ ಆಕಾರವನ್ನು ಒಮ್ಮೆ ಹೇಳಿ, ಅದು ಎತ್ತ ಚಲಿಸಬೇಕು ಎಂಬುದನ್ನಷ್ಟೇ ಬರೆದಿಡುತ್ತದೆ. ಕಡತ ಕೆಲವೇ ಕೆಬಿ, ಎಷ್ಟು ಹಿಗ್ಗಿಸಿದರೂ ಗೆರೆ ಒಡೆಯುವುದಿಲ್ಲ. ಆದರೆ ಅದನ್ನು ಓಡಿಸಲು ಆ್ಯಪಿನಲ್ಲೋ ವೆಬ್ ಪುಟದಲ್ಲೋ ವಿಶೇಷ ಏರ್ಪಾಡು ಬೇಕು. ಫೋನಿನಿಂದ ಫೋನಿಗೆ ಕಳಿಸಿದರೆ ಬರಿಯ ಅಕ್ಷರಗಳ ಕಡತವಾಗಿ ಬಿದ್ದಿರುತ್ತದೆ.

ಈಗ ನಮ್ಮ ಕನ್ನಡ ಅಕ್ಷರದ ಮಾತು. ಇಂಗ್ಲಿಷ್ ಅಕ್ಷರ ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ನಮ್ಮಲ್ಲಿ ‘ರಾಷ್ಟ್ರ’ ಎಂದು ಬರೆದರೆ ಒತ್ತಕ್ಷರಗಳು ಕೆಳಗಿಳಿದು ಚಿಕ್ಕದಾಗಿ ಕೂರುತ್ತವೆ. ಚಿತ್ರ ಕುಗ್ಗಿದಾಗ ಮೊದಲು ಕಲಸಿಹೋಗುವುದು ಆ ಒತ್ತುಗಳೇ. ಎಚ್.264 ಸಾಮಾನ್ಯವಾಗಿ ಬೆಳಕು ಕತ್ತಲೆಯನ್ನು ಪ್ರತಿ ಚುಕ್ಕೆಗೂ ಇಟ್ಟು, ಬಣ್ಣವನ್ನು ಮಾತ್ರ ನಾಲ್ಕು ಚುಕ್ಕೆಗೆ ಒಂದರಂತೆ ಇಡುತ್ತದೆ. ಹಾಗಾಗಿ ನೀಲಿಯ ಮೇಲೆ ಕೆಂಪು ಅಕ್ಷರ ಬರೆದರೆ ಅಂಚು ಹರಡುತ್ತದೆ. ಕಪ್ಪಿನ ಮೇಲೆ ಬಿಳಿ, ಹಳದಿಯ ಮೇಲೆ ಕಪ್ಪು ಬರೆದರೆ ಬೆಳಕಿನ ವ್ಯತ್ಯಾಸವೇ ಅಕ್ಷರವನ್ನು ಕಾಯುತ್ತದೆ. ಅಕ್ಷರ ದೊಡ್ಡದಿರಲಿ, ಪರದೆಗೆ ಎರಡು ಸಾಲು ಮೀರದಿರಲಿ. ಹಳೆಯ ನುಡಿ ಫಾಂಟಿನಲ್ಲಿ ಬರೆದ ಪ್ರಾಜೆಕ್ಟ್ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳಾಗುತ್ತದೆ, ಯೂನಿಕೋಡ್ ಫಾಂಟನ್ನೇ ಬಳಸಿ. ಲಾಟಿಗೋ, ಅದರಂತೆಯೇ ಆಕಾರಗಳನ್ನು ಬರೆದಿಡುವ ಎಸ್‌ವಿಜಿಗೋ ಕೊಡುವುದಾದರೆ ಅಕ್ಷರಗಳನ್ನು ಆಕಾರಗಳಾಗಿ ಬದಲಾಯಿಸಿ ಕೊಡುವುದು ಸುರಕ್ಷಿತ. ಇಲ್ಲವಾದರೆ ನೋಡುವವರ ಕಡೆ ಒತ್ತು ಒಂದು ಕಡೆ, ದೀರ್ಘ ಒಂದು ಕಡೆ ಬೀಳುವ ಸಂಭವವಿದೆ.

ಹಂಚುವ ಕಡತದಷ್ಟೇ ಮುಖ್ಯವಾದದ್ದು ಇಟ್ಟುಕೊಳ್ಳುವ ಕಡತ. ಒಂದು ಕಾಲಕ್ಕೆ ಪಾಠದ ಅನಿಮೇಷನ್ ಎಂದರೆ ಫ್ಲ್ಯಾಶ್ ಎಂದೇ ಆಗಿತ್ತು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಕಂಪನಿ ಫ್ಲ್ಯಾಶನ್ನು ನಿಲ್ಲಿಸಿತು. ಜಗತ್ತಿನಾದ್ಯಂತ ಶಿಕ್ಷಕರು ವರ್ಷಗಟ್ಟಲೆ ಮಾಡಿದ ಕೆಲಸ ಬ್ರೌಸರಿನಲ್ಲಿ ತೆರೆಯದಂತಾಯಿತು. ಮೂಲ ಉಳಿಸಿಕೊಂಡವರು ಮಾತ್ರ ದಾಟಿಕೊಂಡರು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಯೋಜನೆಯ ವಿಜ್ಞಾನ ಪ್ರಯೋಗಗಳನ್ನು ಹಲವರು ಕನ್ನಡದಲ್ಲೂ ಬಳಸುತ್ತಿದ್ದೀರಿ. ಜಾವಾ, ಫ್ಲ್ಯಾಶ್‌ಗಳಲ್ಲಿದ್ದ ತಮ್ಮ ಪ್ರಯೋಗಗಳನ್ನು ಅವರು ಶ್ರಮಪಟ್ಟು ಎಚ್‌ಟಿಎಂಎಲ್5ಗೆ ತಂದದ್ದರಿಂದ ಅವು ಇವತ್ತು ಫೋನಿನಲ್ಲೂ ತೆರೆಯುತ್ತವೆ. ಹಾಗಾಗಿ ಹಂಚಿದ ಎಂಪಿ4 ಒಂದನ್ನೇ ನಂಬಿ ಕೂರಬೇಡಿ. ಅದು ಈಗಾಗಲೇ ಕುಗ್ಗಿದ್ದು, ಅದರಿಂದ ಹೊಸದನ್ನು ತೆಗೆದರೆ ಮತ್ತಷ್ಟು ಕೆಡುತ್ತದೆ. ಪ್ರಾಜೆಕ್ಟ್ ಕಡತ, ಬಳಸಿದ ಚಿತ್ರ, ದನಿ, ಫಾಂಟು ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿಟ್ಟು, ಒಂದು ಪ್ರತಿಯನ್ನು ಬೇರೆ ಕಡೆಯೂ ಇಡಿ. ಸಾಧ್ಯವಿದ್ದರೆ ಒಂದೊಂದು ಫ್ರೇಮನ್ನೂ ಪಿಎನ್‌ಜಿ ಚಿತ್ರವಾಗಿ ತೆಗೆದಿಡಿ. ಮುಂದೆ ಯಾವ ಹೊಸ ಫಾರ್ಮ್ಯಾಟ್ ಬಂದರೂ ಈ ಫ್ರೇಮುಗಳಿಂದಲೇ ಕಟ್ಟಿಕೊಳ್ಳಬಹುದು.

ನೋಡುವವರ ಫೋನಿನಿಂದ ಯೋಚಿಸಿದವರು ನಮಗೆ ಮುಂಚೆಯೂ ಇದ್ದಾರೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 2011ರಲ್ಲಿ ಹುಟ್ಟಿದ ‘ಸೈಂಟಿಫಿಕ್ ಅನಿಮೇಷನ್ಸ್ ವಿದೌಟ್ ಬಾರ್ಡರ್ಸ್’ ಎಂಬ ತಂಡ, ಬೇವಿನ ಬೀಜದಿಂದ ಕೀಟನಾಶಕ ಮಾಡುವಂಥ ವಿಷಯಗಳ ಮೇಲೆ ಚಿಕ್ಕ ಅನಿಮೇಷನ್ ಮಾಡಿ, ಹಲವು ಭಾಷೆಗಳ ದನಿ ಸೇರಿಸಿ ಹಂಚಿತು. ದೊಡ್ಡ ಪರದೆಗೊಂದು ಕಡತ, ಸಾದಾ ಫೋನಿಗೆಂದೇ 3ಜಿಪಿ ಎಂಬ ಚಿಕ್ಕ ಕಡತ. ಇಂಟರ್‌ನೆಟ್ ಇಲ್ಲದ ಕಡೆ ಅದು ಬ್ಲೂಟೂತ್‌ನಲ್ಲಿ ಕೈಯಿಂದ ಕೈಗೆ ಹೋಯಿತು. ತೊಗರಿ ಬೆಳೆಯುವ ನಮ್ಮ ಜಿಲ್ಲೆಗೆ ಬೇವಿನ ಬೀಜದ ಕಷಾಯ ಹೊಸದೇನಲ್ಲ. ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜೇ ಇದೆ. ಅಲ್ಲಿಯ ವಿದ್ಯಾರ್ಥಿಗಳು ಇಂಥ ಅನಿಮೇಷನ್‌ಗಳನ್ನು ನಮ್ಮ ಆಡುಮಾತಿನಲ್ಲಿ ಮಾಡಿದರೆ ಎಷ್ಟು ಉಪಕಾರವಾದೀತು! ಕೇರಳ ಸರ್ಕಾರ 2018ರಲ್ಲಿ ಶುರುಮಾಡಿದ ‘ಲಿಟಲ್ ಕೈಟ್ಸ್’ ಯೋಜನೆಯಲ್ಲಿ ಪ್ರೌಢಶಾಲೆಯ ಮಕ್ಕಳೇ ಮುಕ್ತ ತಂತ್ರಾಂಶಗಳಲ್ಲಿ ಅನಿಮೇಷನ್ ಕಲಿಯುತ್ತಾರೆ. ಕನ್ನಡ ಮಾಧ್ಯಮದ ಶಾಲೆಗಳಿರುವ ಕಾಸರಗೋಡೂ ಅದೇ ರಾಜ್ಯದಲ್ಲಿದೆ. ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆಂದೇ 2012ರಲ್ಲಿ ನೀತಿ ರೂಪಿಸಿದ ರಾಜ್ಯ ನಮ್ಮದು. ಆ ನೀತಿಯ ಫಲ ಬೆಂಗಳೂರಿನ ಸ್ಟುಡಿಯೊಗಳಿಗಷ್ಟೇ ನಿಲ್ಲದೆ ಬಳಿಚಕ್ರದ ಶಾಲೆಯ ಕಂಪ್ಯೂಟರಿಗೂ ಬರಬೇಕು ಎಂದು ಕೇಳುವ ಹಕ್ಕು ನಮಗಿದೆ.

ಕೊನೆಗೆ, ಮಾಡುವವರು ನೆನಪಿಡಬೇಕಾದ್ದನ್ನು ಒಟ್ಟಿಗೆ ಹೇಳುತ್ತೇನೆ. ದನಿ ಬೇಕಾದ, ಗುಂಪಿಗೆ ಹೋಗುವ ಎಲ್ಲ ಅನಿಮೇಷನ್‌ಗೂ ಎಚ್.264 ಇರುವ ಎಂಪಿ4, 480ರ ಅಳತೆ. ಸ್ಲೈಡಿನಲ್ಲಿ ತಾನಾಗಿ ಓಡಬೇಕಾದ, ಕೆಲವೇ ಬಣ್ಣದ, ಕೆಲವೇ ಸೆಕೆಂಡಿನ ರೇಖಾಚಿತ್ರಕ್ಕೆ ಜಿಫ್. ಸ್ಟಿಕ್ಕರಿಗೆ ವೆಬ್‌ಪಿ, ವಿಕಿಪೀಡಿಯಕ್ಕೆ ವೆಬ್‌ಎಂ. ಮೊದಲ ಚಿತ್ರವೇ ವಿಷಯ ಏನೆಂದು ಹೇಳುವಂತಿರಲಿ, ತೆರೆಯುವ ಮುಂಚೆ ಕಾಣುವುದು ಅದೇ. ಸೆಕೆಂಡಿಗೆ ಮೂರು ಸಲಕ್ಕಿಂತ ಹೆಚ್ಚು ಬೆಳಕು ಮಿಣುಕಿಸಬೇಡಿ, ಮೂರ್ಛೆರೋಗ ಇರುವ ಕೆಲವರಿಗೆ ಅದರಿಂದ ಅಪಾಯವಿದೆ. ಗುಂಪಿಗೆ ಹಾಕುವ ಮುಂಚೆ ಊರಿನ ಅತಿ ಹಳೆಯ ಫೋನು ಯಾರ ಬಳಿಯಿದೆಯೋ ಅವರ ಫೋನಿಗೆ ಒಮ್ಮೆ ಕಳಿಸಿ ನೋಡಿ. ಅಲ್ಲಿ ಓಡಿದರೆ ಎಲ್ಲೆಡೆಯೂ ಓಡುವ ಭರವಸೆ ಇಟ್ಟುಕೊಳ್ಳಬಹುದು. ಓಡದಿದ್ದರೆ ಕಡತವನ್ನು ಬದಲಾಯಿಸಿ, ಆ ಫೋನಿನ ಮನೆಯನ್ನು ಪಟ್ಟಿಯಿಂದ ಬಿಡಬೇಡಿ. ಕಲಿಯುವ ಹಕ್ಕು ಫೋನಿನ ಬೆಲೆಗೆ ತಕ್ಕಂತೆ ಹೆಚ್ಚು ಕಡಿಮೆ ಆಗಬಾರದು. ಅದು ಆಗದಂತೆ ನೋಡಿಕೊಳ್ಳುವ ಕೆಲಸದಲ್ಲಿ ಒಂದು ಪಾಲು ಅನಿಮೇಷನ್ ಮಾಡುವ ನಮ್ಮದು.